ಅಂಕಿತವೂ ನೋಂದಣಿಯೂ

ಸರ್ಕಾರದ ಅರ್ಜಿ ನಮೂನೆಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ತುಂಬಿ, ರುಜು ಹಾಕಿ, ಕಳುಹಿಸಿ ಮರೆತುಬಿಡುವುದೇ ಲೋಕರೂಢಿ. ಆದರೂ ಅಂಥ ಒಂದು ನಮೂನೆಯನ್ನು ಮಾತ್ರ, ಹಳಗನ್ನಡದ ಪದ್ಯವೊಂದನ್ನು ಅನ್ವಯಿಸಿಕೊಂಡು ಓದುವಷ್ಟು ಎಚ್ಚರದಿಂದ ನಾವು ಓದಬೇಕೆಂದು ನನಗೆ ತೋರುತ್ತದೆ. ಅದು ೨೦೧೩ರ ಕೃತಿಸ್ವಾಮ್ಯ ನಿಯಮಗಳಿಗೆ ಸೇರಿದ ೧೪ನೆಯ ನಮೂನೆ. ಪುಸ್ತಕವಾಗಲಿ, ಚಿತ್ರವಾಗಲಿ, ಧ್ವನಿಮುದ್ರಣವಾಗಲಿ, ದೆಹಲಿಯ ಕೃತಿಸ್ವಾಮ್ಯ ಕಚೇರಿಯ ವಹಿಯಲ್ಲಿ ದಾಖಲಾಗಬೇಕಾದರೆ ಈ ನಮೂನೆಯ ಬಾಗಿಲಿನಿಂದಲೇ ಹೋಗಬೇಕು. ಧ್ವನಿಮುದ್ರಣಕ್ಕೆ ಶುಲ್ಕ ೨೦೦೦ ರೂಪಾಯಿ. ಅರ್ಜಿ ಸೇರಿದ ಮೇಲೆ ಯಾರಾದರೂ ಆಕ್ಷೇಪಣೆ ಸಲ್ಲಿಸುವರೋ ಎಂದು ೩೦ ದಿನ ಕಾಯುತ್ತಾರೆ. ಆಮೇಲೆ ಪರಿಶೀಲನೆ, ಎಲ್ಲವೂ ಸರಿಯಾಗಿದ್ದರೆ ದಾಖಲೆ.

ಮೊದಲಿಗೇ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನೋಂದಾಯಿಸದಿದ್ದರೆ ಹಕ್ಕೇ ಇಲ್ಲವೆಂದು ಬಹುಮಂದಿ ನಂಬಿದ್ದಾರೆ. ಹಾಗಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಯನ್ನು ಮುದ್ರಿಸಿಕೊಂಡ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ವಹಿಯಲ್ಲಿ ದಾಖಲಾದರೆ ಆ ದಾಖಲೆ, ಕಾಯಿದೆಯ ೪೮ನೆಯ ಕಲಮಿನಂತೆ, ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗಿ ನಿಲ್ಲುತ್ತದೆ. ಎದುರು ಪಕ್ಷದವರು ಬೇರೆ ಪುರಾವೆ ತಂದು ಅದನ್ನು ಅಲ್ಲಗಳೆಯುವವರೆಗೆ ಅದೇ ನಿಜ. ಹೀಗಿರುವಲ್ಲಿ ನಮೂನೆಯ ಅಂಕಣಗಳಲ್ಲಿ ಏನನ್ನು ಬರೆಯಲು ಸ್ಥಳವಿದೆ, ಏನನ್ನು ಬರೆಯಲು ಸ್ಥಳವಿಲ್ಲ ಎಂಬುದು ಸಣ್ಣ ಪ್ರಶ್ನೆಯಲ್ಲ. ನೂರು ವರ್ಷಗಳ ಮೇಲೆ ನಮ್ಮ ಹಾಡುಗಳ ಚರಿತ್ರೆ ಬರೆಯುವವರು ಈ ವಹಿಗಳನ್ನೂ ತೆರೆದು ನೋಡುವರಷ್ಟೆ.

ನಮೂನೆ ಕೇಳುವುದೇನು? ಅರ್ಜಿದಾರನ ಹೆಸರು, ವಿಳಾಸ, ರಾಷ್ಟ್ರೀಯತೆ, ಕೃತಿಯಲ್ಲಿ ಅವನಿಗಿರುವ ಹಿತಾಸಕ್ತಿ, ಕೃತಿಯ ವರ್ಗ, ಶೀರ್ಷಿಕೆ, ಭಾಷೆ, ಕರ್ತೃವಿನ ಹೆಸರು, ಆತನು ತೀರಿಕೊಂಡಿದ್ದರೆ ಆ ದಿನಾಂಕ, ಪ್ರಕಟವಾಗಿದೆಯೆ, ಇಲ್ಲವೆ, ಆಗಿದ್ದರೆ ಯಾವ ವರ್ಷ, ಯಾವ ದೇಶ, ಹಕ್ಕುಗಳ ಒಡೆಯರು ಯಾರು ಯಾರು, ಯಾರಿಗೆ ಎಷ್ಟು, ಕೊನೆಯಲ್ಲಿ ಷರಾ. ಪುಸ್ತಕವೊಂದಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಧ್ವನಿಮುದ್ರಣದ ಅರ್ಜಿ ತುಂಬಲು ಕುಳಿತವನು ಈ ಅಂಕಣಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ, ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಯಾರೂ ಕೇಳಿಲ್ಲವೆಂಬುದು ಹೊಳೆಯುತ್ತದೆ: ಹಾಡಿದವರು ಯಾರು?

ಕರ್ತೃವಿನ ಅಂಕಣದಲ್ಲಿ ಹಾಡಿದವರ ಹೆಸರು ಬರೆಯೋಣವೆಂದರೆ ಕಾಯಿದೆ ಒಪ್ಪದು. ಕಾಯಿದೆಯ ಪರಿಭಾಷೆಯಲ್ಲಿ ಕವಿತೆಗೆ ಕವಿ ಕರ್ತೃ, ಮಟ್ಟಿಗೆ ಸಂಗೀತ ಸಂಯೋಜಕ ಕರ್ತೃ; ಧ್ವನಿಮುದ್ರಣಕ್ಕೆ ಮಾತ್ರ ನಿರ್ಮಾಪಕ ಕರ್ತೃ. ನಿರ್ಮಾಪಕನೆಂದರೆ ಯಾರು? ಮುದ್ರಣ ಮಾಡಿಸುವುದರಲ್ಲಿ ಮುಂದಾಗಿ ಅದರ ಹೊಣೆ ಹೊತ್ತವನು. ಮೊದಲ ಒಡೆತನವೂ ಅವನದೇ. ಪ್ರಕಟವಾದ ಮರುವರ್ಷದ ಆರಂಭದಿಂದ ೬೦ ವರ್ಷ ಈ ಹಕ್ಕು ನಡೆಯುತ್ತದೆ. ಕವಿಯ ಹಕ್ಕಾದರೆ ಅವನ ಮರಣದಿಂದ ಲೆಕ್ಕ. ಇಲ್ಲಿ ಪ್ರಕಟಣೆಯಿಂದ ಲೆಕ್ಕ. ಕಾರಣ ಊಹಿಸುವುದು ಕಷ್ಟವಲ್ಲ. ಈ ಕರ್ತೃ ಸಾಮಾನ್ಯವಾಗಿ ಒಂದು ಕಂಪನಿ. ಕಂಪನಿಗೆ ಮರಣದ ತಿಥಿ ಎಲ್ಲಿಂದ ಬರಬೇಕು?

ಒಂದು ಪರಿಚಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಮಟ್ಟು ಹಾಕಿದ ‘ನಿತ್ಯೋತ್ಸವ’ ೧೯೭೮ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯೆಂದು ಅದಕ್ಕೆ ಪ್ರಸಿದ್ಧಿ. ಕೇಳುವ ನಮಗೆ ಅದು ಒಂದೇ ಹಾಡು. ಪದ ಯಾವುದು, ಸ್ವರ ಯಾವುದು ಎಂದು ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಭಾವಗೀತೆಯ ಗಾಯನದ ಹಿರಿಮೆಯೇ ಆ ಬೆಸುಗೆ. ಕಾಯಿದೆ ಅದನ್ನು ಮೂರಾಗಿ ಬಿಡಿಸುತ್ತದೆ. ಸಂಗೀತ ಕೃತಿಯೆಂದರೆ ಸ್ವರ ಮಾತ್ರ, ಹಾಡಬೇಕಾದ ಪದಗಳು ಅದರೊಳಗೆ ಸೇರವು ಎಂದು ಅದು ಸ್ಪಷ್ಟವಾಗಿಯೇ ಹೇಳಿದೆ. ಹೀಗಾಗಿ ಒಂದು ಹಾಡಿಗೆ ಮೂರು ಆಯುಸ್ಸು. ಕವಿ ತೀರಿಕೊಂಡದ್ದು ೨೦೨೦ರಲ್ಲಿ. ಕವಿತೆಯ ಹಕ್ಕು ೨೦೮೦ರ ಕೊನೆಯವರೆಗೆ. ಅನಂತಸ್ವಾಮಿಯವರು ತೀರಿಕೊಂಡದ್ದು ೧೯೯೫ರಲ್ಲಿ. ಮಟ್ಟಿನ ಹಕ್ಕು ೨೦೫೫ರ ಕೊನೆಯವರೆಗೆ. ಧ್ವನಿಮುದ್ರಣದ ಹಕ್ಕು ೨೦೩೮ರ ಕೊನೆಗೇ ಮುಗಿಯುತ್ತದೆ.

ಈ ಲೆಕ್ಕದಲ್ಲಿ ಅನ್ಯಾಯವೇನೂ ಇಲ್ಲವೆಂದೇ ಹೇಳಬೇಕು. ಕವಿಯ ಹೆಸರು ಪುಸ್ತಕದಲ್ಲಿದೆ, ಸಂಯೋಜಕರ ಹೆಸರು ನಾಡಿನ ನಾಲಗೆಯ ಮೇಲಿದೆ. ಅವರು ಹೆಸರುಳ್ಳವರು, ವಹಿ ಅವರ ಹೆಸರನ್ನು ಕೇಳದಿದ್ದರೂ ಅವರಿಗೆ ನಷ್ಟವಿಲ್ಲ. ನಷ್ಟವಾಗುವುದು ಹೆಸರಿಲ್ಲದವರಿಗೆ. ಕನ್ನಡದ ಸಂಪತ್ತಿನಲ್ಲಿ ದೊಡ್ಡ ಪಾಲು ಇರುವುದು ಅಂಥವರ ಕಂಠದಲ್ಲಿ ಎಂಬುದನ್ನು ನೆನೆದಾಗ ಈ ನಮೂನೆಯ ಮೌನ ಭಾರವಾಗಿ ತೋರುತ್ತದೆ.

ನಮ್ಮ ಪರಂಪರೆಯಲ್ಲಿ ಹಾಡಿಗೊಂದು ನೋಂದಣಿಯ ಕ್ರಮ ಇರಲಿಲ್ಲವೆ? ಇತ್ತು, ಅದರ ಹೆಸರು ಅಂಕಿತ. ಬಸವಣ್ಣನವರ ‘ಕೂಡಲಸಂಗಮದೇವ’, ಅಲ್ಲಮಪ್ರಭುವಿನ ‘ಗುಹೇಶ್ವರ’, ಅಕ್ಕನ ‘ಚೆನ್ನಮಲ್ಲಿಕಾರ್ಜುನ’, ದಾಸರ ‘ಪುರಂದರವಿಠಲ’, ಕನಕದಾಸರ ‘ಕಾಗಿನೆಲೆಯಾದಿಕೇಶವ’ ಇವೆಲ್ಲ ದೇವರ ಹೆಸರುಗಳು. ವಚನವನ್ನೂ ಕೀರ್ತನೆಯನ್ನೂ ಕರ್ತೃ ತನ್ನದೆಂದು ಇಟ್ಟುಕೊಳ್ಳಲಿಲ್ಲ, ಇಷ್ಟದೈವಕ್ಕೆ ಒಪ್ಪಿಸಿದ. ಆದರೆ ಒಪ್ಪಿಸಿದ ಕ್ರಮದಿಂದಲೇ ಒಪ್ಪಿಸಿದವರಾರೆಂಬುದು ತಿಳಿಯಿತು. ಅಂಬಿಗರ ಚೌಡಯ್ಯನಂಥ ನಿಷ್ಠುರವಾದಿ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ಅಂಕಿತದಲ್ಲಿ ಕರ್ತೃತ್ವವುಂಟು, ಸ್ವಾಮ್ಯವಿಲ್ಲ. ಧ್ವನಿಮುದ್ರಣದ ವಹಿಯಲ್ಲಿ ಸ್ವಾಮ್ಯವುಂಟು. ಕರ್ತೃವೆಂಬ ಶಬ್ದವೂ ಉಂಟು. ನಾವು ಕರ್ತೃವೆಂದು ಕರೆಯುತ್ತಿದ್ದ ಮನುಷ್ಯ ಮಾತ್ರ ಅಲ್ಲಿಲ್ಲ.

ಅಂಕಿತ ತಪ್ಪದ ಪುರಾವೆಯೆಂದು ನಾನು ಹೇಳುತ್ತಿಲ್ಲ. ದೊಡ್ಡವರ ಅಂಕಿತವನ್ನು ಹೊತ್ತ ಪ್ರಕ್ಷಿಪ್ತಗಳು ನಮ್ಮ ಹಸ್ತಪ್ರತಿಗಳಲ್ಲಿ ಬೇಕಾದಷ್ಟಿವೆ. ಫ. ಗು. ಹಳಕಟ್ಟಿಯವರಿಂದ ಮೊದಲುಗೊಂಡು ವಚನ ಸಂಪಾದಕರೆಲ್ಲರೂ ಈ ತೊಡಕಿನೊಡನೆ ಹೆಣಗಿದವರೇ. ಸಂಪಾದಕನಿಗೂ ಅಂಕಿತ ಮೇಲ್ನೋಟದ ಸಾಕ್ಷ್ಯವೇ ಹೊರತು ಕೊನೆಯ ತೀರ್ಪಲ್ಲ. ಆದರೂ ಅದನ್ನು ನಾವು ಎಷ್ಟು ಗಂಭೀರವಾಗಿ ಭಾವಿಸುತ್ತೇವೆಂಬುದಕ್ಕೆ ಒಂದು ನಿದರ್ಶನ ಸಾಕು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಮುದ್ರಿಸಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರ ೧೯೯೮ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ೨೦೧೭ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಒಂದು ಹೆಸರಿನ ಬದಲಾವಣೆಗೆ ಇಷ್ಟು ಕಳವಳಗೊಂಡ ಜನ ನಾವು.

ಗ್ರಾಮಫೋನು ನಮ್ಮ ದೇಶಕ್ಕೆ ಬಂದ ಕಾಲದಲ್ಲಿಯೂ ಅಂಕಿತದಂಥದೊಂದು ಪದ್ಧತಿ ಇತ್ತೆಂಬುದು ಸ್ವಾರಸ್ಯದ ವಿಷಯ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ತನ್ನ ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಮೂಲ ಮುದ್ರಣ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳು ತಯಾರಾಗಬೇಕಿತ್ತು. ಅಲ್ಲಿನ ಕುಶಲಕರ್ಮಿಗಳಿಗೆ ಯಾರ ಹಾಡೆಂದು ತಿಳಿಯಬೇಕಾದರೆ ಹಾಡಿದವರೇ ಹೇಳಬೇಕು. ಅನುಕೂಲಕ್ಕಾಗಿ ಮಾಡಿದ ಕ್ರಮ ಅದು. ಆದರೆ ಇಂದು ಆ ಸವೆದ ತಟ್ಟೆಯನ್ನು ಕೇಳುವಾಗ, ರಾಗ ಮುಗಿದು ಆ ಹೆಸರು ಕೇಳಿಬಂದೊಡನೆ, ಹಾಡಿದ ಹೆಂಗಸು ಎದುರಿಗೆ ಬಂದು ನಿಂತಂತಾಗುತ್ತದೆ. ಕೊನೆಗಾಲದಲ್ಲಿ ಆಕೆ ಮೈಸೂರಿನ ಆಸ್ಥಾನಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಕಂಪನಿಯ ಲೆಕ್ಕದ ಪುಸ್ತಕಗಳು ಏನಾದರೂ ಆಗಲಿ, ಆಕೆಯ ಹೆಸರನ್ನು ಆಕೆಯ ಹಾಡಿನಿಂದ ಯಾರೂ ಕಳಚಲಾರರು.

ಧ್ವನಿಮುದ್ರಣದ ಹಕ್ಕು ಈಗ ಪತ್ರಿಕೆಗಳ ಮುಖಪುಟಕ್ಕೂ ಬರುವ ವಿಷಯ. ನಾನಿರುವ ಮಾಕಳಿಯಿಂದ ತುಮಕೂರು ರಸ್ತೆ ಹಿಡಿದು ಬೆಂಗಳೂರಿನ ಕಡೆ ಹೊರಟರೆ ದಾಸರಹಳ್ಳಿ ದಾಟಿ ಯಶವಂತಪುರ ಸಿಗುತ್ತದೆ. ‘ಕೆಜಿಎಫ್’ ಎರಡನೆಯ ಭಾಗದ ಸಂಗೀತವನ್ನು ಒಂದು ರಾಜಕೀಯ ಪಕ್ಷ ತನ್ನ ಯಾತ್ರೆಯ ಪ್ರಚಾರಕ್ಕೆ ಬಳಸಿಕೊಂಡಿತೆಂದು ಎಂಆರ್‌ಟಿ ಮ್ಯೂಸಿಕ್ ಕಂಪನಿ ೨೦೨೨ರ ನವೆಂಬರಿನಲ್ಲಿ ದೂರು ಕೊಟ್ಟದ್ದು ಅಲ್ಲಿನ ಪೊಲೀಸ್ ಠಾಣೆಯಲ್ಲಿ. ಆ ಪಕ್ಷದ ಟ್ವಿಟರ್ ಖಾತೆಯನ್ನು ತಡೆಹಿಡಿಯಬೇಕೆಂದು ಬೆಂಗಳೂರಿನ ನ್ಯಾಯಾಲಯವೊಂದು ಆಜ್ಞೆ ಮಾಡಿತು. ಮರುದಿನವೇ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ತೆಗೆದುಹಾಕಿತು. ೨೦೨೪ರಲ್ಲಿ ‘ಗಾಳಿಮಾತು’, ‘ನ್ಯಾಯ ಎಲ್ಲಿದೆ’ ಎಂಬ ಹಳೆಯ ಚಿತ್ರಗಳ ಹಾಡುಗಳನ್ನು ಹೊಸ ಚಿತ್ರವೊಂದರಲ್ಲಿ ಬಳಸಿದ್ದಾರೆಂಬ ದೂರು ಅದೇ ಠಾಣೆಗೆ ಬಂತು. ಆ ವ್ಯಾಜ್ಯಗಳ ಸರಿತಪ್ಪುಗಳನ್ನು ತೂಗುವುದು ನ್ಯಾಯಾಧೀಶರ ಕೆಲಸ. ಕನ್ನಡ ಪಾಠ ಹೇಳುವವನಿಗೆ ಕಾಣುವುದು ಒಂದೇ ಸಂಗತಿ: ಇಂಥ ಜಗಳ ನಡೆಯುವುದು ಒಡೆಯನಿಗೂ ಬಳಸಿದವನಿಗೂ ನಡುವೆ. ಕಂಠದ ಮಾತು ಅಲ್ಲಿ ಏಳುವುದಿಲ್ಲ.

ಆ ಮಾತು ಎದ್ದದ್ದು ನಮ್ಮ ಊರಿನಲ್ಲಿಯೇ. ಹೊಲಗಳಿದ್ದ ಕಡೆ ಬಡಾವಣೆಗಳೂ ಗೋದಾಮುಗಳೂ ಎದ್ದಿರುವ ಮಾಕಳಿಯಲ್ಲಿ ಸೋಬಾನೆ ಬಲ್ಲ ಹೆಂಗಸರು ಇನ್ನೂ ಕೆಲವರಿದ್ದಾರೆ. ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋದ ಮೇಲೆ ಅವರನ್ನು ಹಾಡೆಂದು ಕೇಳುವವರು ಕಡಿಮೆ. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡು, ನೋಂದಾಯಿಸಬೇಕೆಂದು ಅರ್ಜಿ ಹಿಡಿದು ಬಂದಳು. ಕರ್ತೃವಿನ ಅಂಕಣಕ್ಕೆ ಬಂದಾಗ ಅವಳ ಪೆನ್ನು ನಿಂತಿತು. “ಕಾಯಿದೆಯ ಪ್ರಕಾರ ನೀನೇ ಕರ್ತೃ” ಎಂದೆ. “ಹಾಡಿದ್ದು ಅಜ್ಜಿ ಸಾರ್, ನಾನು ಗುಂಡಿ ಒತ್ತಿದೆ ಅಷ್ಟೆ” ಎಂದಳು. ಅಜ್ಜಿಯನ್ನೇ ಕೇಳಿ ಬಾ ಎಂದು ಕಳುಹಿಸಿದೆ. ಅಜ್ಜಿಯ ಉತ್ತರ ಇನ್ನೂ ದೂರ ಹೋಯಿತು: “ಪದ ನಂದೆಲ್ಲಿ ಬಂತವ್ವ, ನಮ್ಮತ್ತೆದು. ಬರಕೊಳ್ಳೋದಾದ್ರೆ ಅವರ ಹೆಸರು ಬರಕೊ.”

ಕಾಯಿದೆಗಿಂತ ಈ ಮುದುಕಿಯ ಮಾತಿನಲ್ಲಿ ಸಾಹಿತ್ಯಚರಿತ್ರೆಯ ಪ್ರಜ್ಞೆ ಹೆಚ್ಚಾಗಿದೆ. ವಚನಕ್ಕೆ, ಕೀರ್ತನೆಗೆ, ತತ್ತ್ವಪದಕ್ಕೆ ಅಂಕಿತವುಂಟು. ಸೋಬಾನೆಗೆ, ಬೀಸುವ ಪದಕ್ಕೆ ಅಂಕಿತವಿಲ್ಲ. ಅವುಗಳ ವಂಶಾವಳಿ ಇರುವುದು ಹಾಡುವವರ ನೆನಪಿನಲ್ಲಿ. ಧ್ವನಿಯನ್ನಷ್ಟೇ ಹಿಡಿದು ಆ ನೆನಪನ್ನು ಬಿಟ್ಟರೆ, ಹಾಡು ಉಳಿದರೂ ಅನಾಥವಾಗಿ ಉಳಿಯುತ್ತದೆ. ಅನಾಥವಾದ ಹಾಡಿಗೆ ಮುದ್ರಿಸಿಕೊಂಡವನೇ ಕರ್ತೃವೆಂದು ವಹಿ ಸಾರುತ್ತದೆ.

ಜಾನಪದ ವಿದ್ವಾಂಸರು ಈ ಮಟ್ಟಿಗೆ ಉತ್ತಮ ಮೇಲ್ಪಂಕ್ತಿ ಹಾಕಿದ್ದಾರೆ. ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ, ೧೯೯೦ರಲ್ಲಿ ಮುದ್ರಿಸಿಕೊಂಡರು. ೧೫,೦೦೦ಕ್ಕೂ ಮೀರಿದ ಸಾಲುಗಳ ಆ ಕಾವ್ಯ ೧೯೯೮ರಲ್ಲಿ ಅಚ್ಚಾದಾಗ, ಇದು ಗೋಪಾಲ ನಾಯ್ಕರು ಹಾಡಿದಂತೆ ಎಂಬ ಮಾತು ಗ್ರಂಥದ ಶೀರ್ಷಿಕೆಯಲ್ಲೇ ಸೇರಿತು. ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದ ಮಲೆಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಪ್ರಕಟಿಸಿತು. ಅದರ ಶೀರ್ಷಿಕೆಯಲ್ಲಿಯೂ ಹೆಬ್ಬಣಿ ಮಾದಯ್ಯ ಮತ್ತು ಮೇಳದವರ ಹೆಸರಿದೆ. ಮುದ್ರಿಸಿಕೊಂಡವರು, ಸಂಪಾದಿಸಿದವರು, ಅನುವಾದಿಸಿದವರು ಯಾರ ಹೆಸರೂ ಇದರಿಂದ ಕುಗ್ಗಲಿಲ್ಲ. ಹಾಡಿದವನ ಪಕ್ಕದಲ್ಲಿ ನಿಂತದ್ದರಿಂದ ಅವರ ಕೆಲಸದ ಘನತೆ ಹೆಚ್ಚಿತು.

ಕಾಯಿದೆ ಹಾಡುವವರನ್ನು ಪೂರ್ತಿ ಮರೆತಿದೆಯೆಂದರೆ ತಪ್ಪಾದೀತು. ೧೯೯೪ರ ತಿದ್ದುಪಡಿ ‘ಪ್ರದರ್ಶಕರ ಹಕ್ಕು’ ಎಂಬುದೊಂದನ್ನು ಕೊಟ್ಟಿತು. ಪ್ರದರ್ಶಕರೆಂದರೆ ಯಾರೆಂಬ ಪಟ್ಟಿಯಂತೂ ಹಳೆಯ ಜಾತ್ರೆಯ ವರ್ಣನೆಯಂತಿದೆ: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವನು, ಕೈಚಳಕದವನು, ಜಾದುಗಾರ, ಹಾವಾಡಿಗ, ಇವರೆಲ್ಲರ ಜತೆಗೆ ಉಪನ್ಯಾಸ ಮಾಡುವವನು! ಹಾವಾಡಿಗನ ಪಕ್ಕದಲ್ಲಿ ಸ್ಥಳ ಸಿಕ್ಕಿದ್ದಕ್ಕೆ ನನ್ನಂಥ ಅಧ್ಯಾಪಕರು ಸಂತೋಷಪಡಬೇಕು. ಈ ಹಕ್ಕಿನ ಅವಧಿ ಹಾಡಿದ ಮರುವರ್ಷದಿಂದ ೫೦ ವರ್ಷ. ೨೦೧೨ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾನು ಹಾಡಿದ್ದೆಂದು ಗುರುತಿಸಲ್ಪಡುವ ಹಕ್ಕನ್ನೂ, ವಾಣಿಜ್ಯದ ಬಳಕೆಯಲ್ಲಿ ಗೌರವಧನದ ಹಕ್ಕನ್ನೂ ಗಾಯಕನಿಗೆ ಕೊಟ್ಟಿತು.

ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಬರೆದಿಡುವುದಿಲ್ಲ. ಅದೇ ಕಾಯಿದೆಯ ೫೨-ಎ ಕಲಮು, ಪ್ರಕಟವಾದ ಧ್ವನಿಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಕಡ್ಡಾಯವಾಗಿ ಏನಿರಬೇಕೆಂದು ಹೇಳುತ್ತದೆ: ತಯಾರಿಸಿದವನ ಹೆಸರು, ವಿಳಾಸ, ಹಕ್ಕಿನ ಒಡೆಯನ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡಿದವರ ಹೆಸರು ಕಡ್ಡಾಯವಲ್ಲ. ಹೆಸರಾಂತ ಗಾಯಕರ ಹೆಸರನ್ನು ವ್ಯಾಪಾರಕ್ಕಾಗಿಯಾದರೂ ದಪ್ಪಕ್ಷರದಲ್ಲಿ ಹಾಕುತ್ತಾರೆ. ಮಾಕಳಿಯ ಅಜ್ಜಿಯ ಹೆಸರಿನಿಂದ ಯಾವ ವ್ಯಾಪಾರವಾದೀತು? ಗುರುತಿಸಲ್ಪಡುವ ಹಕ್ಕು ಕಾಯಿದೆಯಲ್ಲಿದ್ದು, ಗುರುತನ್ನು ಬರೆಯುವ ಅಂಕಣ ನಮೂನೆಯಲ್ಲಿಲ್ಲದಿದ್ದರೆ, ಕೊಟ್ಟ ಹಕ್ಕು ಕಾಗದದ ಮೇಲೆ ನಿಂತಂತೆಯೇ.

ನಿರ್ಮಾಪಕರ ಪರವಾಗಿ ಹೇಳಬೇಕಾದದ್ದನ್ನು ಹೇಳದಿದ್ದರೆ ವಿಮರ್ಶೆ ಒಂದು ಕಣ್ಣಿನದಾದೀತು. ಹಣ ಹೂಡಿ, ವಾದ್ಯಗಾರರನ್ನು ಕೂಡಿಸಿ, ಕ್ಯಾಸೆಟ್ಟುಗಳನ್ನು ಊರೂರಿಗೆ ಮುಟ್ಟಿಸಿದವರು ಇಲ್ಲದಿದ್ದರೆ ನಮ್ಮ ಕವಿಗಳ ಗೀತೆಗಳು ಅಷ್ಟು ಮನೆಗಳನ್ನು ಸೇರುತ್ತಿರಲಿಲ್ಲ. ಮುಂದಾಗಿ ಹೊಣೆ ಹೊರುವವನಿಗೆ ರಕ್ಷಣೆ ಬೇಕು. ಇನ್ನೂ ಒಂದು ಮಾತು: ಧ್ವನಿಮುದ್ರಣದ ಹಕ್ಕು ಆ ಒಂದು ಮುದ್ರಣಕ್ಕೆ ಮಾತ್ರ. ಅಜ್ಜಿಯ ಪದವನ್ನು ಯಾರೋ ನೋಂದಾಯಿಸಿದರೆಂದು ಆ ಪದವೇ ಅವರ ಸ್ವತ್ತಾಗುವುದಿಲ್ಲ; ಪಕ್ಕದೂರಿನ ಇನ್ನೊಬ್ಬಾಕೆ ಅದನ್ನು ಹಾಡಬಹುದು, ಬೇರೊಬ್ಬರು ಮುದ್ರಿಸಿಕೊಳ್ಳಬಹುದು. ಜಾನಪದವನ್ನೆಲ್ಲ ಕಂಪನಿಗಳು ಕೊಂಡುಬಿಡುತ್ತವೆಂಬ ಭೀತಿಗೆ ಆಧಾರವಿಲ್ಲ. ನನ್ನ ಆಕ್ಷೇಪಣೆ ಒಡೆತನಕ್ಕಲ್ಲ, ಕರ್ತೃವೆಂಬ ಶಬ್ದಕ್ಕೆ. ಒಡೆಯನನ್ನು ಒಡೆಯನೆಂದೇ ಕರೆಯಲಿ. ಹಾಡಿದವರಿಗೆ ಬೇರೊಂದು ಅಂಕಣ ತೆರೆಯಲಿ. ನಿಯಮಗಳ ಒಂದು ಸಣ್ಣ ತಿದ್ದುಪಡಿಯಿಂದ ಆಗಬಹುದಾದ ಕೆಲಸ ಅದು.

ತಿದ್ದುಪಡಿ ಬರುವವರೆಗೆ ನಾವು ಮಾಡಬಹುದಾದದ್ದೂ ಇದೆ. ಮುಖ್ಯವಾಗಿ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು, ಗಮಕ ಸಂಘಗಳು, ಜಾನಪದ ಸಂಗ್ರಾಹಕರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಹಾಡುವವರೊಡನೆ ಒಪ್ಪಂದ ಬಾಯಿಮಾತಿನಲ್ಲಿ ನಿಲ್ಲಬಾರದು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕೆಂಬುದು ಕಾಯಿದೆಯ ಮಾತೇ. ಅವಧಿ ನಮೂದಿಸದಿದ್ದರೆ ೫ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ತಿಳಿಯಬೇಕೆಂದೂ ಅದು ಹೇಳುತ್ತದೆ. ಆ ಪತ್ರವನ್ನು ಕನ್ನಡದಲ್ಲಿ ಬರೆದು, ಹಾಡುವವರಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು. ಅರ್ಜಿಯಲ್ಲಿ ಷರಾ ಎಂಬ ಅಂಕಣ ಬರಿದಾಗಿ ಹೋಗುವುದೇ ಹೆಚ್ಚು; ಹಾಡಿದವರ, ಹಿಮ್ಮೇಳದವರ ಹೆಸರುಗಳಿಗೆ ಈಗ ಇರುವ ಸ್ಥಳ ಅದೊಂದೇ.

ಎಲ್ಲಕ್ಕಿಂತ ಮೊದಲಿನದು, ಖರ್ಚಿಲ್ಲದ್ದು, ಗೌಹರ್ ಜಾನ್ ಮಾಡಿದ ಕೆಲಸ. ಹಾಡು ಮುಗಿದ ಮೇಲೆ ಯಂತ್ರವನ್ನು ನಿಲ್ಲಿಸುವ ಮುನ್ನ ಹಾಡಿದವರಿಂದಲೇ ಅವರ ಹೆಸರು, ಊರು, ಯಾರಿಂದ ಕಲಿತರೆಂಬುದು, ಅಂದಿನ ದಿನ ಇಷ್ಟನ್ನೂ ಹೇಳಿಸಿ ಮುದ್ರಿಸಿಕೊಳ್ಳಬೇಕು. ನನ್ನ ವಿದ್ಯಾರ್ಥಿನಿಗೆ ಹೇಳಿದ್ದೂ ಇಷ್ಟೆ. ಅವಳು ಕರ್ತೃವಿನ ಅಂಕಣದಲ್ಲಿ ಕಾಯಿದೆ ಹೇಳಿದಂತೆ ತನ್ನ ಹೆಸರನ್ನೇ ಬರೆದಳು. ಷರಾದಲ್ಲಿ ಅಜ್ಜಿಯ ಹೆಸರನ್ನೂ ಅಜ್ಜಿಯ ಅತ್ತೆಯ ಹೆಸರನ್ನೂ ಬರೆದಳು. ಆಮೇಲೆ ಅಜ್ಜಿಯನ್ನು ಇನ್ನೊಮ್ಮೆ ಕೂರಿಸಿಕೊಂಡು, ಪ್ರತಿಯೊಂದು ಪದದ ಕೊನೆಗೂ ಆ ಎರಡು ಹೆಸರುಗಳನ್ನು ಅಜ್ಜಿಯ ಬಾಯಿಂದಲೇ ಹೇಳಿಸಿದಳು.